ಕೆಂಪು ಪದರದ ಮಾವ

ನನ್ನ ಸೋದರಮಾವ ಕಲ್ಲು ನೆಕ್ಕುತ್ತಿದ್ದರು. ಹೀಗೆ ಏಕಾಏಕಿ ಹೇಳಿಬಿಟ್ಟರೆ ಓದುವವರು ಅವರ ತಲೆ ನೆಟ್ಟಗಿರಲಿಲ್ಲವೆಂದು ತಿಳಿದಾರೆಂಬ ಅಳುಕು ನನಗೂ ಇದೆ. ಆದರೆ ಅವರನ್ನು ಬಲ್ಲವರು ಯಾರೇ ಆಗಲಿ, ಅವರ ವಿಷಯವನ್ನು ಬೇರೆಲ್ಲಿಂದಲಾದರೂ ಆರಂಭಿಸಿದ್ದನ್ನು ನಾನು ಕೇಳಿಲ್ಲ. ದಾರಿಯಲ್ಲಿ ಬಿದ್ದ ಜಲ್ಲಿ, ಯಾರದೋ ಕಾಂಪೌಂಡಿನಿಂದ ಉದುರಿದ ಚಕ್ಕೆ, ಎದುರುಮನೆಯವರು ಮೆಟ್ಟಿಲಿಗೆಂದು ತರಿಸಿಟ್ಟ ಹಾಸುಗಲ್ಲಿನ ಮೂಲೆ, ಯಾವುದಾದರೂ ಸರಿ, ಅದನ್ನು ಅತ್ತಿತ್ತ ತಿರುಗಿಸಿ, ನಾಲಗೆಯ ತುದಿಯನ್ನು ಸೋಕಿಸಿ, ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದರೆಂದರೆ ಇಹಲೋಕದ ವ್ಯವಹಾರ ಅಲ್ಲಿಗೆ ಮುಗಿಯಿತು. ಒಣಗಿದ ಕಲ್ಲು ಬಾಯಿ ಬಿಡುವುದಿಲ್ಲ, ತೇವ ತಗುಲಿದರೆ ಅದರ ಬಣ್ಣ, ರೇಖೆ, ಒಳಗೆ ಹುದುಗಿದ ಚಿಪ್ಪಿನ ಅಂಚು ಎಲ್ಲವೂ ತಟ್ಟನೆ ಎದ್ದು ಕಾಣುತ್ತವೆ ಎಂಬುದು ಅವರ ಸಮಜಾಯಿಷಿ. ನೀರು ಹಚ್ಚಿದರಾಗದೇ ಎಂದು ಕೇಳಿದರೆ, "ನೀರು ಎಲ್ಲಿ ಹುಡುಕ್ಲಿ? ನಾಲಗೆ ಜೊತೇಲೇ ಇರುತ್ತಲ್ಲ" ಎನ್ನುತ್ತಿದ್ದರು.

ಒಮ್ಮೆ ಅಮ್ಮನ ಜತೆ ಬ್ಯಾಂಕಿಗೆ ಹೋದವರು ಅಲ್ಲಿನ ನುಣುಪಾದ ಕಲ್ಲುಕಂಬದೆದುರು ನಿಂತುಬಿಟ್ಟರು. ನಾಲ್ಕು ಜನರೆದುರು ನೆಕ್ಕುವುದು ಸರಿಯಲ್ಲವೆಂಬ ವಿವೇಕ ಆ ದಿನ ಹೇಗೋ ಮೂಡಿದ್ದರಿಂದ ಬೆರಳನ್ನು ಒದ್ದೆ ಮಾಡಿಕೊಂಡು ಕಂಬಕ್ಕೆ ಉಜ್ಜುತ್ತಿದ್ದರು. ಕಾವಲುಗಾರ ಹತ್ತಿರ ಬಂದು, "ಏನ್ ಮಾಡ್ತಿದ್ದೀರಿ ಸಾರ್?" ಎಂದ. ಮಾವ ತಿರುಗಿ ನೋಡದೆ, "ಇಲ್ಲೊಬ್ರು ಹಳೇ ಪರಿಚಯದೋರು ಸಿಕ್ಕಿದ್ರು" ಎಂದರು. ಪಾಪ, ಆತ ಕಂಬದ ಹಿಂದೆ ಇಣುಕಿ ನೋಡಿ ಬಂದ. ಆಮೇಲೆ ಅಮ್ಮ ಆ ಬ್ಯಾಂಕಿಗೆ ಒಬ್ಬರೇ ಹೋಗುವುದನ್ನು ರೂಢಿ ಮಾಡಿಕೊಂಡರು.

ನಡಿಗೆಯೂ ಅವರಿಗೆ ಕಲ್ಲಿನಿಂದಲೇ ಬಂದದ್ದು. ನೆಲವನ್ನು ಓದುತ್ತ, ಎರಡು ಹೆಜ್ಜೆ ಮುಂದಿಟ್ಟು ಒಂದು ಹೆಜ್ಜೆ ಹಿಂದಕ್ಕೆ ಸರಿದು, ಎದುರಾದವರ ಚಪ್ಪಲಿಗೆ ಮೊದಲು ನಮಸ್ಕಾರ ಹೇಳಿ ಆಮೇಲೆ ಮುಖ ನೋಡುವ ನಡಿಗೆ ಅದು. ಮೇಲೆ ಕಾಫಿಪುಡಿ ಬಣ್ಣದ ಒಂದು ಕೋಟು, ಋತು ಯಾವುದಾದರೂ ಅದೇ. ಅದರ ಎಡಜೇಬಿನಲ್ಲಿ ಸುತ್ತಿಗೆ, ಉಳಿ, ಹತ್ತಿಯಲ್ಲಿ ಸುತ್ತಿದ ನಾಲ್ಕಾರು ಚೂರುಗಳು ಸದಾ ಇರುತ್ತಿದ್ದುದರಿಂದ ಕೋಟು ಆ ಕಡೆಗೆ ಜೋತುಬಿದ್ದು, ಕಾಲಕ್ರಮೇಣ ಅವರ ಎಡಭುಜವೂ ಕೋಟಿನ ದಾರಿಯನ್ನೇ ಹಿಡಿದಿತ್ತು. ಹೊಸ ಕೋಟಿಗೆ ಅಳತೆ ತೆಗೆದುಕೊಂಡ ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿ, "ಸಾರ್, ನೆಟ್ಟಗೆ ಹೊಲೀಲೋ, ನಿಮ್ ಹಾಗೆ ಹೊಲೀಲೋ?" ಎಂದು ಕೇಳಿದ್ದನಂತೆ.

ಮಾವ ಕೆಲಸ ಮಾಡುತ್ತಿದ್ದುದು ಮ್ಯೂಸಿಯಮ್ಮಿನ ಹಿಂಬದಿಯ ಪಳೆಯುಳಿಕೆ ವಿಭಾಗದಲ್ಲಿ. ಮುಂಭಾಗದಲ್ಲಿ ದೈತ್ಯಪ್ರಾಣಿಗಳ ಅಸ್ಥಿಪಂಜರ ನೋಡಲು ಜನ ಮುಗಿಬೀಳುತ್ತಿದ್ದರೆ, ಹಿಂದಿನ ಓಣಿಯ ಕೊನೆಯ ಕೋಣೆಯಲ್ಲಿ, ಉತ್ತರಕ್ಕೊಂದೇ ಕಿಟಕಿಯಿದ್ದ ಬೆಳಕಿನಲ್ಲಿ, ಇವರು ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಸುರುಳಿಚಿಪ್ಪುಗಳನ್ನು ಸೂಜಿಯಿಂದ ಬಿಡಿಸುತ್ತ ಕೂತಿರುತ್ತಿದ್ದರು. ಒಂದು ಯುಗ ಮುಗಿದು ಇನ್ನೊಂದು ಹುಟ್ಟಿದ ಗಡಿಯನ್ನು ಕಲ್ಲಿನಲ್ಲಿ ಗುರುತಿಸುವುದು ಅವರ ವೃತ್ತಿ. ನಮ್ಮ ತಂದೆ ಹಾಸ್ಯಪ್ರವೃತ್ತಿಯವರು. ಭಾವಮೈದುನ ಬಾಗಿಲಲ್ಲಿ ಕಾಣಿಸಿದೊಡನೆ, "ಬಂದ್ರು ನೋಡೇ, ನಿನ್ನ ತಮ್ಮ, ಸೀಮಾಪುರುಷರು" ಎಂದು ಅಮ್ಮನನ್ನು ಕರೆಯುತ್ತಿದ್ದರು.

"ಕಲ್ಲಿಗೆ ಕಲ್ಲು ಹೋಲಿಸಿದ್ರೆ ಆಯ್ತಪ್ಪ, ಚಿಪ್ಪು ಯಾಕೆ?" ಎಂದು ಅಮ್ಮ ಒಮ್ಮೆ ಕೇಳಿದ್ದರು. ಮಾವ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ವಿವರಿಸಿದರು. ಒಂದೇ ಕಾಲದಲ್ಲಿ ಇಲ್ಲಿ ಸುಣ್ಣಕಲ್ಲು ಕೂಡಿಕೊಂಡಿರಬಹುದು, ದೂರದ ಇನ್ನೊಂದು ಸೀಮೆಯಲ್ಲಿ ಬರೀ ಜೇಡಿ. ಇಲ್ಲಿ ಆಳೆತ್ತರದ ಪದರ, ಅಲ್ಲಿ ಗೇಣುದ್ದ. ಬಣ್ಣ, ದಪ್ಪ ಎರಡೂ ನಂಬಿಕೆಗೆ ಅರ್ಹವಲ್ಲ. ಆದರೆ ಸಮುದ್ರದಲ್ಲಿ ತೇಲುತ್ತ ಬಹುದೂರ ಹರಡಿದ್ದ, ಬೇಗ ಬೇಗ ರೂಪ ಬದಲಿಸಿ ಬೇಗನೆ ಅಳಿದುಹೋದ ಜೀವಿಯೊಂದು ಎರಡು ಕಡೆಯೂ ಸಿಕ್ಕಿತೆಂದರೆ, ಆ ಎರಡು ಪದರಗಳು ಒಂದೇ ಕಾಲದವು. ಅದು ಮೊದಲು ಕಾಣಿಸಿಕೊಳ್ಳುವ ಜಾಗದಲ್ಲಿ ಗೆರೆ ಎಳೆಯಬಹುದು. "ಒಂದೇ ಕಡೆ ಅಂಟಿಕೊಂಡು, ಏನೂ ಬದಲಾಗದೆ, ಯುಗಯುಗ ಬಾಳ್ತಾವಲ್ಲ, ಅಂಥವು ನಮ್ಮ ಕೆಲಸಕ್ಕೆ ಬರಲ್ಲ ಅಕ್ಕಾ. ನನ್ನಂಥವು" ಎಂದು ನಕ್ಕರು. ಅಮ್ಮ ನಗಲಿಲ್ಲ, ಅವರ ತಟ್ಟೆಗೆ ಇನ್ನಷ್ಟು ಬಡಿಸಿದರು.

ಮೊದಲು ಎಂಬ ಶಬ್ದವನ್ನು ಮಾವ ಬರಿದಾಗಿ ಆಡಿದ್ದನ್ನು ನಾನು ಕಾಣೆ. ಅದರ ಹಿಂದೆ "ಸದ್ಯಕ್ಕೆ ಸಿಕ್ಕ ಮಟ್ಟಿಗೆ" ಎಂಬ ಬಾಲ ಇದ್ದೇ ಇರುತ್ತಿತ್ತು. ನಮ್ಮ ಕೈಗೆ ಸಿಕ್ಕ ಅತ್ಯಂತ ಹಳೆಯ ಚಿಪ್ಪಿಗಿಂತ ಮುಂಚೆಯೂ ಆ ಜೀವಿ ಎಲ್ಲೋ ಬದುಕಿದ್ದಿರಲೇಬೇಕು, ಆರಂಭವೆಂಬುದು ನಾವು ಕಂಡದ್ದಕ್ಕಿಂತ ಯಾವಾಗಲೂ ಸ್ವಲ್ಪ ಕೆಳಗಿರುತ್ತದೆ ಎಂಬುದು ಅವರ ಶಾಸ್ತ್ರದ ಎಚ್ಚರ. ಈ ಎಚ್ಚರ ಸಂಸಾರದ ಮಾತಿಗೂ ನುಗ್ಗಿತ್ತು. "ಆಕೇನ ಮೊದಲು ನೋಡಿದ್ದು ಯಾವಾಗ್ಲೋ?" ಎಂದು ಅಮ್ಮ ಕೆಣಕಿದರೆ, "ಕಾಲೇಜಿನ ಎರಡನೇ ವರ್ಷ, ಸದ್ಯಕ್ಕೆ ಸಿಕ್ಕ ಮಟ್ಟಿಗೆ" ಎಂದು ಗಂಭೀರವಾಗಿ ಉತ್ತರಿಸುತ್ತಿದ್ದರು.

ಆಕೆ ಎಂದರೆ ಮಾವನ ಸಹಪಾಠಿ. ಇಬ್ಬರಿಗೂ ಒಬ್ಬರೇ ಗುರುಗಳು. ಓದು ಮುಗಿದಾಗ ಆ ಗುರುಗಳು, ಅಣ್ಣತಮ್ಮಂದಿರಿಗೆ ಹೊಲ ಹಂಚಿಕೊಟ್ಟ ಹಾಗೆ, ಸಮುದ್ರದಾಚೆಯ ಒಂದು ಕಡಿದಾದ ಬಂಡೆಯನ್ನು ಆಕೆಗೂ, ನಮ್ಮ ಊರ ಹೊರಗಿನ ಸುಣ್ಣಕಲ್ಲಿನ ಗಣಿಯನ್ನು ಮಾವನಿಗೂ ವಹಿಸಿದರು. ಎರಡರಲ್ಲೂ ಒಂದೇ ಯುಗದ ಗಡಿ ಇದೆಯೆಂದು ಅವರ ಊಹೆ. ಇಬ್ಬರೂ ಎರಡು ತುದಿಗಳಿಂದ ಹುಡುಕಬೇಕು, ಸಿಕ್ಕಿದಾಗ ಒಂದೇ ಮೇಜಿನ ಮೇಲೆ ಇಟ್ಟು ಹೊಂದಿಸಬೇಕು. ಆಕೆ ಹೋದರು, ಅಲ್ಲೇ ಕೆಲಸ, ಅಲ್ಲೇ ಮನೆ. ಹತ್ತಿಯಲ್ಲಿ ಸುತ್ತಿದ ಚಿಪ್ಪುಗಳು ಡಬ್ಬಿಗಳಲ್ಲಿ ಅಲ್ಲಿಂದಿಲ್ಲಿಗೂ ಇಲ್ಲಿಂದಲ್ಲಿಗೂ ಓಡಾಡಿದವು. ಮಾವ ಆಕೆಯನ್ನು ಹೆಸರು ಹಿಡಿದು ಹೇಳುತ್ತಿರಲಿಲ್ಲ, "ಆಚೆಯವರು" ಎನ್ನುತ್ತಿದ್ದರು. ಆಚೆಯವರಿಗೆ ಮದುವೆಯಾಯಿತೋ ಇಲ್ಲವೋ ಎಂದು ತಿಳಿಯುವ ಹಂಬಲ ಅಮ್ಮನಿಗೆ ವರ್ಷಗಟ್ಟಲೆ ಇತ್ತು. ಮಾವನಿಗೆ ಗೊತ್ತಿರಲಿಲ್ಲ. "ಅದನ್ನ ಕೇಳೋ ಸಂದರ್ಭ ಬಂದಿಲ್ಲ" ಎಂದರು.

ಅವರ ಕೋಣೆಯ ಗೋಡೆಯ ಮೇಲೆ ಎರಡು ಉದ್ದನೆಯ ಕಾಗದದ ಪಟ್ಟಿಗಳಿದ್ದವು. ಎಡಗಡೆಯದು ಆಚೆಯ ಬಂಡೆ, ಬಲಗಡೆಯದು ನಮ್ಮ ಗಣಿ, ಎರಡರಲ್ಲೂ ಪದರಗಳ ಚಿತ್ರ ತಳದಿಂದ ತುದಿಯವರೆಗೆ. ಒಂದೇ ಬಗೆಯ ಚಿಪ್ಪು ಎರಡು ಕಡೆಯೂ ಸಿಕ್ಕ ಜಾಗಗಳಿಗೆ ಗುಂಡುಸೂಜಿ ಚುಚ್ಚಿ ನಡುವೆ ಬಿಳಿಯ ದಾರ ಕಟ್ಟಿದ್ದರು. ಕೆಳಗೆ ಹಲವು ದಾರಗಳು, ಮೇಲೆ ಹಲವು ದಾರಗಳು; ನಡುವೆ, ಗಡಿಯ ಚಿಪ್ಪಿನ ಜಾಗದಲ್ಲಿ ಮಾತ್ರ, ಎಡಗಡೆಯ ಸೂಜಿಯಿಂದ ಹೊರಟ ಒಂದು ದಾರ ಬಲಗಡೆಗೆ ತಲುಪದೆ ಗೋಡೆಯ ಮೇಲೆ ಇಳಿಬಿದ್ದಿತ್ತು. ಆಚೆಯವರಿಗೆ ಆ ಚಿಪ್ಪು ಸಿಕ್ಕಿ ಬಹಳ ವರ್ಷಗಳಾಗಿದ್ದವು, ಮಾವನಿಗೆ ಸಿಕ್ಕಿರಲಿಲ್ಲ. ಫ್ಯಾನಿನ ಗಾಳಿಗೆ ಅದು ಅಲ್ಲಾಡಿದಾಗಲೆಲ್ಲ ಮಾವನ ಕಣ್ಣು ಅತ್ತ ಹೋಗುತ್ತಿತ್ತು. ಕೊನೆಗೆ ಅವರು ಫ್ಯಾನು ಹಾಕುವುದನ್ನೇ ಬಿಟ್ಟರು.

ನಿವೃತ್ತಿಗೆ ಇನ್ನು ಎರಡು ಮೂರು ವರ್ಷವಷ್ಟೇ ಇದ್ದಾಗ ಚಿಪ್ಪು ಸಿಕ್ಕಿತು. ಗಣಿಯ ಪೂರ್ವಗೋಡೆಯ ಬೂದುಬಣ್ಣದ ಪದರದಲ್ಲಿ, ಎಲ್ಲಿರಬೇಕೋ ಅಲ್ಲಿಯೇ, ಇಡಿಯಾಗಿ, ಒಂದೇ ಒಂದು. ಆ ಸಂಜೆ ನಮ್ಮ ಮನೆಗೆ ಬಂದವರು ಕೋಟನ್ನು ಬಿಚ್ಚದೆ, ಕೂರದೆ, ಬಾಗಿಲಲ್ಲೇ ನಿಂತು, "ಅಕ್ಕಾ, ದಾರ ಕಟ್ಟಿದೆ" ಎಂದರು. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತು. ನಮ್ಮ ತಂದೆಗೂ ಆ ದಿನ ತಮಾಷೆ ತೋಚಲಿಲ್ಲ.

ಮ್ಯೂಸಿಯಮ್ಮಿನ ಮುಖ್ಯಸ್ಥರು ಮಾತ್ರ ಚಿಪ್ಪನ್ನು ಕೊಯ್ದು ಒಳಗನ್ನೂ ನೋಡಿಬಿಡಿ ಎಂದರಂತೆ. ಇವರ ಶಾಸ್ತ್ರದಲ್ಲಿ ಇದು ಮಾಮೂಲಿ ವಿಧಿ: ಸತ್ತ ಜೀವಿಯ ಟೊಳ್ಳಿನೊಳಗೆ ಯಾವ ಕೆಸರು ತುಂಬಿ ಕಲ್ಲಾಗಿದೆಯೆಂದು ನೋಡುವುದು. ನೂರಾರು ಚಿಪ್ಪುಗಳನ್ನು ನಿರ್ದಾಕ್ಷಿಣ್ಯವಾಗಿ ಕೊಯ್ದಿದ್ದ ಮಾವ ಇದೊಂದಕ್ಕೆ ಗರಗಸ ಮುಟ್ಟಿಸಲು ಒಪ್ಪಲಿಲ್ಲ. "ಇರೋದೇ ಒಂದು, ಅದನ್ನೂ ಕೊಯ್ಯೋದಾ?" ಎಂದರು. ನಮ್ಮ ಮನೆಯ ಫೋನಿನಲ್ಲಿ ಆಚೆಯವರೂ ಕೊಯ್ದು ನೋಡಿದಿರಾ ಎಂದು ಕೇಳಿದರು. ಮಾವ ಅದೇ ಉತ್ತರ ಕೊಟ್ಟರು. ಆಮೇಲೆ ಆಕೆ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು: "ಸರಿ, ಕೊಯ್ಯಬೇಡಿ. ಗಡಿ ಗೊತ್ತುಮಾಡೋ ಸಮಿತಿಯವರ ಜೊತೆ ನಾನೂ ಬರ್ತೀನಿ. ಗಡಿ ಅಲ್ಲಿದೆ ಅಂತ ಅವರು ಒಪ್ಪಿದ್ರೆ ಎರಡು ವರ್ಷ ನಿಮ್ಮಲ್ಲೇ ಕೂತು ಎಲ್ಲಾ ಹೊಂದಿಸೋಣ. ನಿಮ್ಮ ಕೋಣೇಲಿ ಇನ್ನೊಂದು ಕುರ್ಚಿ ಇದ್ಯಾ?"

ಇರಲಿಲ್ಲ. ಮಾವ ಮರುದಿನವೇ ಬಡಗಿಯ ಬಳಿ ಹೋದರು. ಎತ್ತರ ಎಷ್ಟಿರಬೇಕೆಂದು ಬಡಗಿ ಕೇಳಿದರೆ ಇವರು ತಮ್ಮ ಭುಜದ ಹತ್ತಿರ ಕೈಹಿಡಿದು, "ಇಷ್ಟೆತ್ತರ ಇದ್ದಾರೆ" ಎಂದು ಕುರ್ಚಿಯ ಬದಲು ಮನುಷ್ಯರ ಅಳತೆ ಕೊಟ್ಟರು. ಕುರ್ಚಿ ಬಂತು. ಅದನ್ನು ಕಿಟಕಿಯ ಬೆಳಕು ಎಡದಿಂದ ಬೀಳುವ ಹಾಗೆ ಇಟ್ಟರು, ಮಾರನೆಯ ದಿನ ಬಲದಿಂದ ಬೀಳುವ ಹಾಗೆ ಇಟ್ಟರು. ಆಚೆಯವರು ಯಾವ ಕೈಯಲ್ಲಿ ಸೂಜಿ ಹಿಡಿಯುತ್ತಿದ್ದರೆಂಬುದು ನೆನಪಿಗೆ ಬಾರದೆ ಒಂದು ವಾರ ಪರದಾಡಿದರು. ಜೀವಮಾನದಲ್ಲಿ ಅವರು ಇಷ್ಟು ಬಾಯಿಬಿಟ್ಟು ಏನನ್ನೂ ಬಯಸಿರಲಿಲ್ಲವೆಂದು ಅಮ್ಮ ಹೇಳುತ್ತಿದ್ದರು.

ಸಮಿತಿ ಬಂದ ದಿನ ಕಾರು ನಡೆಸುವ ಕೆಲಸ ನನ್ನದಾದ್ದರಿಂದ ನಡೆದದ್ದನ್ನೆಲ್ಲ ನಾನು ಕಣ್ಣಾರೆ ಕಂಡೆ. ಗಣಿಯ ಮೇಸ್ತ್ರಿ ಯಂತ್ರಗಳನ್ನು ನಿಲ್ಲಿಸಿದ್ದ. ಧೂಳು ಕೆಳಗೆ ಕೂತು ಪೂರ್ವಗೋಡೆ ಬಿಸಿಲಿನಲ್ಲಿ ಸ್ಪಷ್ಟವಾಗಿತ್ತು. ವ್ಯಾನಿನಿಂದ ನಾಲ್ಕೈದು ಜನ ವಿದ್ವಾಂಸರು ಇಳಿದ ಮೇಲೆ, ಕೊನೆಗೆ, ಕತ್ತರಿಸಿದ ಬಿಳಿಗೂದಲಿನ, ಊರುಗೋಲು ಹಿಡಿದ ಒಬ್ಬ ಹೆಂಗಸು ಇಳಿದರು. ಮಾವ ಅಭ್ಯಾಸದಂತೆ ಅವರ ಬೂಟುಗಳಿಗೆ ನಮಸ್ಕಾರ ಹೇಳಿ ನಿಧಾನವಾಗಿ ತಲೆಯೆತ್ತಿದರು. ಮೂವತ್ತು ಚಿಲ್ಲರೆ ವರ್ಷಗಳ ಮೇಲೆ ಎದುರುಬದುರಾದವರು ಏನು ಮಾತನಾಡಿಯಾರೆಂದು ನಾನು ಕಿವಿ ನಿಮಿರಿಸಿಕೊಂಡಿದ್ದೆ. ಆಕೆ, "ಕೋಟು ಅದೇನಾ?" ಎಂದರು. ಮಾವ, "ಇಲ್ಲ, ಇದು ಅದರ ಮೇಲಿನ ಪದರ" ಎಂದರು. ಇಬ್ಬರೂ ನಕ್ಕರು. ಹಾಗೆ ಮನಬಿಚ್ಚಿ ನಗುವ ಮಾವನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಗೆರೆಯನ್ನು ತೋರಿಸಿದರು, ಚಿಪ್ಪನ್ನು ಕೈಯಿಂದ ಕೈಗೆ ದಾಟಿಸಿದರು, ಎಲ್ಲರೂ ತಲೆದೂಗಿದರು. ಸಮಿತಿಯ ಹಿರಿಯರು ನೆರಳಿಗೆ ಹೋಗಿ ಕೂತು ಬರೆದುಕೊಳ್ಳತೊಡಗಿದ್ದರು. ಕೆಲಸ ಬಹುಪಾಲು ಮುಗಿದ ಹಾಗೆಯೇ. ಮಾವ ಆ ಉತ್ಸಾಹದಲ್ಲಿ, ಇನ್ನೊಂದೇನಾದರೂ ಸಿಕ್ಕೀತೆಂದು, ಅದೇ ಪದರದಿಂದ ಒಂದು ಕಲ್ಲುಗಟ್ಟಿಯನ್ನು ಎಬ್ಬಿಸಿ ಸುತ್ತಿಗೆಯಿಂದ ಹೊಡೆದರು. ಸಿಕ್ಕಿತು. ಅದೇ ಜಾತಿಯ ಇನ್ನೊಂದು ಚಿಪ್ಪು ಹೊಡೆತಕ್ಕೆ ನಡುವೆ ಸೀಳಿ ಎರಡು ಹೋಳಾಗಿ ಅಂಗೈಗೆ ಬಂತು. ಮಾವ ಅದನ್ನು ನಾಲಗೆಗೆ ಸೋಕಿಸಿ, ಭೂತಗನ್ನಡಿ ಹಿಡಿದು, ಹಾಗೆಯೇ ನಿಂತರು. ನಾನು ಪಕ್ಕದಲ್ಲಿದ್ದೆ. ಸುತ್ತಲಿನ ಕಲ್ಲು ಬೂದಿಯ ಬಣ್ಣ. ಚಿಪ್ಪಿನ ಸುರುಳಿಯೊಳಗೆ ತುಂಬಿಕೊಂಡಿದ್ದ ಕಲ್ಲು ಕೆಂಪು.

ಅದರ ಅರ್ಥ ನನಗೆ ಆಮೇಲೆ ತಿಳಿಯಿತು. ಆ ಜೀವಿ ಸತ್ತು ಮೊದಲು ಹೂತದ್ದು ಯಾವುದೋ ಕೆಂಪು ಕೆಸರಿನಲ್ಲಿ. ಬಹುಕಾಲದ ಮೇಲೆ ನೀರು ಆ ಪದರವನ್ನು ಕೊರೆದು, ಚಿಪ್ಪನ್ನು ಎಬ್ಬಿಸಿ ತಂದು, ಈ ಬೂದು ಕೆಸರಿನಲ್ಲಿ ಎರಡನೆಯ ಸಲ ಹೂತಿದೆ. ಅಂದರೆ ಈ ಪದರ ಚಿಪ್ಪಿನ ಕಾಲದ್ದಲ್ಲ, ಎಷ್ಟೋ ಈಚಿನದು. ಗಡಿಯ ಕಾಲದ ಪದರ ನಮ್ಮ ಗಣಿಯಲ್ಲಿ ಇಲ್ಲವೇ ಇಲ್ಲ. ಮಾವನಿಗೆ ಇದೆಲ್ಲ ತಿಳಿಯಲು ಒಂದು ಉಸಿರಿನಷ್ಟು ಹೊತ್ತೂ ಹಿಡಿದಿರಲಿಕ್ಕಿಲ್ಲ. ಜೇಬು ಹತ್ತಿರದಲ್ಲೇ ಇತ್ತು. ನೋಡಿದವರು ನನ್ನ ಹೊರತು ಬೇರೆ ಯಾರೂ ಇರಲಿಲ್ಲ, ನನಗೆ ಕೆಂಪಾದರೇನು ಬೂದಿಯಾದರೇನು. ಮಾವ ಗೋಡೆಯತ್ತ ಒಮ್ಮೆ ನೋಡಿ, ಜಲ್ಲಿಯ ಮೇಲೆ ತಡವರಿಸುತ್ತ ನಡೆದುಹೋಗಿ, ಹೋಳುಗಳನ್ನು ಆಕೆಯ ಅಂಗೈಯಲ್ಲಿಟ್ಟರು.

"ಒಳಗಿನ ಮಣ್ಣು ಬೇರೆ" ಎಂದರು.

ಆಕೆ ಬಹಳ ಹೊತ್ತು ನೋಡಿದರು. ಆಮೇಲೆ, ಸಮಿತಿಯವರಿಗೆ ಕೇಳಿಸದಷ್ಟು ಮೆತ್ತಗೆ, "ಕೊಯ್ಯಬೇಡಿ ಅಂತ ನಾನೂ ಹೇಳಿದ್ನಲ್ಲ" ಎಂದರು.

"ನೀವು ಹೇಳದಿದ್ರೂ ನಾನು ಕೊಯ್ತಿರಲಿಲ್ಲ" ಎಂದರು ಮಾವ. ಆಮೇಲೆ ತಾವೇ ಹೋಗಿ ಹಿರಿಯರಿಗೆ ಹೇಳಿ ಬಂದರು.

ವ್ಯಾನು ಹೊರಡುವ ಮುಂಚೆ ಆಕೆ ಮತ್ತೆ ಇಳಿದು ಬಂದರು. "ಒಂದು ಮಾತು. ಚಿಪ್ಪು ಇಷ್ಟು ಸವೆಯದೆ ಉಳಿದಿದೆ ಅಂದ್ರೆ ದೂರದಿಂದ ಬಂದಿಲ್ಲ. ಆ ಕೆಂಪು ಪದರ ಇಲ್ಲೇ ಎಲ್ಲೋ ಇತ್ತು. ಆ ಕಾಲ ನಿಮ್ಮಲ್ಲೂ ಬಂದಿತ್ತು, ಗುರುತು ಕೊಚ್ಚಿಹೋಯ್ತು ಅಷ್ಟೇ" ಎಂದರು. ಮಾವ ತಲೆಯಾಡಿಸಿದರು. "ಇದರಲ್ಲಿ ಒಂದು ಹೋಳು ನಾನು ಇಟ್ಕೊಳ್ಲಾ?" ಎಂದು ಆಕೆ ಕೇಳಿದಾಗ, ಅಯ್ಯೋ, ಈ ಮನುಷ್ಯ ಏನೆಂದರು ಗೊತ್ತೇ? "ಮ್ಯೂಸಿಯಂ ನಂಬರ್ ಹಾಕದೆ ಕೊಡೋ ಹಾಗಿಲ್ಲ" ಎಂದರು. ಆಕೆ ನಕ್ಕು, ಹೋಳುಗಳನ್ನು ಮಾವನ ಕೈಗೆ ಮರಳಿಸಿ, ಊರುಗೋಲೂರಿಕೊಂಡು ವ್ಯಾನು ಹತ್ತಿದರು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ ಮಾವ ಅಂಗೈ ಚಾಚಿಕೊಂಡೇ ನಿಂತಿದ್ದರು.

ಅಮ್ಮ ಇದನ್ನು ಕೇಳಿ ಕೆಂಡಾಮಂಡಲವಾದರು. "ಬುದ್ಧಿ ಇದ್ಯೇನೋ ನಿಂಗೆ? ಕಲ್ಲು ಜೇಬಿಗೆ ಹಾಕ್ಕೊಂಡು ಸುಮ್ನಿದ್ದಿದ್ರೆ ಗಂಟೇನು ಹೋಗ್ತಿತ್ತು? ಹೋಗ್ಲಿ, ಕೇಳಿದಾಗ ಆ ಚೂರನ್ನಾದ್ರೂ ಕೊಡಬಾರದಿತ್ತಾ?" ಮಾವ ತಲೆ ತಗ್ಗಿಸಿಕೊಂಡೇ ಹೇಳಿದರು. "ಸುಮ್ನಿದ್ದಿದ್ರೆ ಅವರು ಬರ್ತಿದ್ರು ಅಕ್ಕಾ. ಬಂದು ಎದುರಿಗೆ ಕೂರ್ತಿದ್ರು. ದಿನಾ ಅವರ ಮುಖ ಹೇಗೆ ನೋಡ್ಲಿ?" ಆಮೇಲೆ, "ಚೂರು ಬೇಕು. ಕೆಂಪು ಪದರ ಸಿಕ್ಕಿದಾಗ ಹೋಲಿಸಿ ನೋಡೋಕೆ" ಎಂದು ಸೇರಿಸಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಗಡಿಯ ಗುರುತಿಗೆಂದು ಸಮಿತಿ ಹೊಡೆಸುವ ಹಿತ್ತಾಳೆಯ ಮೊಳೆ ಆಚೆಯ ಬಂಡೆಗೆ ಬಿತ್ತು; ಲೋಕಕ್ಕೆಲ್ಲ ಆ ಗಡಿ ಇನ್ನು ಅಲ್ಲಿಯದೇ. ಮಾವ ನಿವೃತ್ತರಾದರು. ಅಲ್ಲಿಂದ ಮುಂದೆ ಊರಿನಲ್ಲಿ ಯಾರು ಎಲ್ಲಿ ನೆಲ ಅಗೆದರೂ, ಅದು ಮನೆಯ ಅಡಿಪಾಯವಾಗಲಿ, ಬಾವಿಯಾಗಲಿ, ಚರಂಡಿಯ ಕೊಳವೆಗೆ ತೋಡಿದ ಕಾಲುವೆಯಾಗಲಿ, ಅದರ ಅಂಚಿನಲ್ಲಿ ಒಂದು ವಾಲಿದ ಕೋಟು ಕಾಣಿಸಲೇಬೇಕು. "ಕೆಂಪು ಬಂತಾ?" ಎಂದು ಕೇಳುವರು. "ಇಲ್ಲ ಯಜಮಾನ್ರೇ, ಇನ್ನೂ ಬೂದೀನೇ" ಎಂದು ಕೆಳಗಿನಿಂದ ಉತ್ತರ ಬರುವುದು. ಒಮ್ಮೆ ಯಾರೋ ಓಡಿಬಂದು ಕೆಂಪು ಬಂದಿದೆಯೆಂದು ಕರೆದರು. ಮಾವ ಚಪ್ಪಲಿಯನ್ನೂ ಮೆಟ್ಟದೆ ಹೋದರು. ಹಳೆಯ ಮನೆಯೊಂದರ ಇಟ್ಟಿಗೆಯ ಚೂರುಗಳಾಗಿದ್ದವು. ಕರೆದವನಿಗೆ ಬೇಸರವಾಗದಿರಲೆಂದು ಮಾವ ಅದನ್ನೂ ನೆಕ್ಕಿ ನೋಡಿದರು.

ಕೆಲವು ವರ್ಷಗಳ ಮೇಲೆ ಆಚೆಯವರು ತೀರಿಕೊಂಡ ಸುದ್ದಿ ಬಂತು. ಸುದ್ದಿ ಹೇಳಲು ನಾನೇ ಹೋದೆ. ಮಾವ ಕಿಟಕಿಯ ಬಳಿಯಿಂದ ಎದ್ದು ಕೋಟು ಹಾಕಿಕೊಂಡರು; ಹಿಂದಿನ ಬೀದಿಯಲ್ಲಿ ಯಾರೋ ಬಾವಿ ತೋಡಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಇನ್ನು ಯಾರಿಗಾಗಿ ಮಾವ? ಸಿಕ್ಕಿದ್ರೂ ಯಾರಿಗೆ ತೋರಿಸ್ತೀರಿ?" ಎಂದುಬಿಟ್ಟೆ. ಅವರು ಗುಂಡಿ ಹಾಕಿಕೊಳ್ಳುತ್ತಿದ್ದ ಕೈಯನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಆ ಕಾಲ ಇಲ್ಲೂ ಬಂದಿತ್ತು ಅಂತ ಅವರು ಹೇಳಿ ಹೋಗಿದ್ದಾರಪ್ಪ. ಅವರ ಮಾತು ಊಹೆಯಾಗೇ ಉಳೀಬೇಕಾ?"

ಪದರ ಸಿಗಲಿಲ್ಲ. ಕಳೆದ ವರ್ಷ ಮಾವನೂ ಹೋದರು. ಅವರಂಥ ಜನ ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ನೆಲ ನೋಡುತ್ತ ನಡೆಯುವ ಅವರನ್ನು ನಾವು ದಾಟಿಕೊಂಡು ಹೋಗುತ್ತೇವೆ, ಕೈಗೂಡದ್ದಕ್ಕೆ ಬಾಳು ಸವೆಸಿದರಲ್ಲ ಎಂದು ಮರುಗುತ್ತೇವೆ. ನಾನೂ ಹಾಗೆಯೇ ಮರುಗಿದವನು. ಈಗ ಅನ್ನಿಸುತ್ತದೆ: ಕೂಡಿ ಬಾಳುವ ಭಾಗ್ಯ ಪಡೆದವರಲ್ಲಿ ಎಷ್ಟೋ ಮಂದಿ ಒಂದೇ ಸೂರಿನ ಕೆಳಗೆ ಬೇರೆ ಬೇರೆ ಕಾಲಗಳಲ್ಲಿ ಬದುಕಿ ತೀರಿಹೋಗುತ್ತಾರೆ, ಇಂಥವರು ಮಾತ್ರ, ನಡುವೆ ಒಂದು ಸಮುದ್ರವನ್ನೇ ಇಟ್ಟುಕೊಂಡು, ಇಬ್ಬರಿಗೂ ಒಂದೇ ಕಾಲ ಬಂದಿತ್ತೆಂಬ ಒಂದು ಮಾತನ್ನು ನೆಚ್ಚಿಕೊಂಡು, ಅದನ್ನು ನಿಜಮಾಡುವ ಆಸೆಯಲ್ಲೇ ಇಡೀ ಆಯುಷ್ಯವನ್ನು ಜತೆಯಾಗಿ ಕಳೆದುಬಿಡುತ್ತಾರೆ.